ವಿಶ್ವವಿದ್ಯಾಲಯದಲ್ಲಿ ಮಹಿಳಾ ನಾಯಕತ್ವ: ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಪದೇ ಪದೇ ಬರುವ ಪ್ರಶ್ನೆಗಳು

ಮೌಲ್ಯಮಾಪನ ಕೇಂದ್ರದಲ್ಲಿ ಊಟದ ಹೊತ್ತಿಗೆ ಎರಡೂ ಜಿಲ್ಲೆಯ ಮೇಷ್ಟ್ರು, ಮೇಡಂಗಳು ಒಟ್ಟಿಗೆ ಕೂರುತ್ತಾರೆ. ಮೊಳಕಾಲ್ಮೂರಿನವರು, ಜಗಳೂರಿನವರು, ಹರಿಹರದವರು, ಹೊಸದುರ್ಗದವರು, ಎಲ್ಲರೂ. ಇಲ್ಲಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಅಂಥ ಮಾತಿನಲ್ಲಿ ಬಂದವು. ಉಳಿದವು ಪತ್ರದಲ್ಲಿ, ಫೋನಿನಲ್ಲಿ ಕೇಳಿದವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಮೊದಲು ಸುಲಭದ್ದು, ಆಮೇಲೆ ಕಾಯ್ದೆ, ಫೈಲಿನದ್ದು.

## ಮೊದಲ ಪ್ರಶ್ನೆಗಳು

ಈಗ ಕ್ಲಾಸಿನಲ್ಲಿ ಹುಡುಗಿಯರೇ ಜಾಸ್ತಿ. ಚಿನ್ನದ ಪದಕವೂ ಅವರಿಗೇ. ಇನ್ನೂ ಯಾಕೆ ಈ ವಿಷಯ?

ಪದಕ ಯಾರಿಗೆ ಬಂತು ಅಂತ ನೋಡಿದವರು, ಅದನ್ನು ಕೊಡುವ ವೇದಿಕೆಯಲ್ಲಿ ಯಾರು ಕೂತಿದ್ದರು ಅಂತಲೂ ಒಮ್ಮೆ ನೋಡಬೇಕು. ಕೇಂದ್ರ ಸರ್ಕಾರದ 2021–22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಸುಮಾರು 15.98 ಲಕ್ಷ ಅಧ್ಯಾಪಕರಿದ್ದಾರೆ. ಅವರಲ್ಲಿ ಮಹಿಳೆಯರು ಶೇ 43.4. ದಾಖಲಾತಿ ಅನುಪಾತದಲ್ಲಿ ಹುಡುಗಿಯರು ಹುಡುಗರನ್ನು ಕೂದಲೆಳೆಯಷ್ಟು ದಾಟಿದ್ದಾರೆ. ಅಂದರೆ ಬಾಗಿಲು ತೆರೆದಿದೆ, ಒಳಗೂ ಬಂದಿದ್ದಾರೆ. ಆದರೆ ಡೀನ್, ಕುಲಸಚಿವ, ಹಣಕಾಸು ಅಧಿಕಾರಿ, ಸಿಂಡಿಕೇಟ್ (ವಿ.ವಿ.ಯ ಆಡಳಿತ ಮಂಡಳಿ) ಸದಸ್ಯ ಅಂತ ಮೇಲಕ್ಕೆ ಹೋದಷ್ಟೂ ಅವರು ಕಡಿಮೆಯಾಗುತ್ತಾರೆ. ಓದುವುದಕ್ಕೂ ಸಂಸ್ಥೆ ನಡೆಸುವುದಕ್ಕೂ ನಡುವೆ ಇಪ್ಪತ್ತು, ಇಪ್ಪತ್ತೈದು ವರ್ಷಗಳ ದಾರಿ ಇದೆ. ಅವರು ಕಾಣೆಯಾಗುವುದು ಆ ದಾರಿಯಲ್ಲಿ.

ನಮ್ಮ ವಿಶ್ವವಿದ್ಯಾಲಯದ ಮೊದಲ ಕುಲಪತಿಯೇ ಮಹಿಳೆ ಅಲ್ವಾ? ಇನ್ನೇನು ಬೇಕು?

ಹೌದು. ಶಿವಗಂಗೋತ್ರಿಯಲ್ಲಿ ಕುವೆಂಪು ವಿ.ವಿ.ಯ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವಾಯಿತು. ಮೊದಲ ಕುಲಪತಿಯಾಗಿ ಬಂದವರು ಅರ್ಥಶಾಸ್ತ್ರದ ಪ್ರೊ. ಎಸ್. ಇಂದುಮತಿ. ಇದು ಹೆಮ್ಮೆಪಡುವ ಮಾತೇ. 1916ರಲ್ಲಿ ಶುರುವಾದ ಮೈಸೂರು ವಿ.ವಿ.ಗೆ ಮೊದಲ ಮಹಿಳಾ ಕುಲಪತಿಯಾಗಿ ಸೆಲ್ವಿ ದಾಸ್ ಬರುವ ಹೊತ್ತಿಗೆ 1980ರ ದಶಕ ಮುಗಿಯುತ್ತಾ ಬಂದಿತ್ತು. ದೇಶದಲ್ಲಿ ಬರೋಡಾ ವಿ.ವಿ.ಗೆ ಹಂಸಾ ಮೆಹ್ತಾ ಕುಲಪತಿಯಾದದ್ದು 1949ರಲ್ಲಿ. ಮೈಸೂರಿನ ಲೆಕ್ಕದಲ್ಲಿ ನೋಡಿದರೆ ನಾವು ಮುಂದೆಯೇ ಇದ್ದೇವೆ.

ಆದರೆ ಇಂದುಮತಿಯವರ ನಂತರ ಬಂದ ಬಿ.ಬಿ. ಕಲಿವಾಳ, ಎಸ್.ವಿ. ಹಲಸೆ, ಬಿ.ಡಿ. ಕುಂಬಾರ ಮೂವರೂ ಗಂಡಸರು. ಇದರಲ್ಲಿ ಯಾರನ್ನೂ ದೂರುವಂಥದ್ದಿಲ್ಲ. ಒಬ್ಬರು ಬಂದರು ಎಂದ ಮಾತ್ರಕ್ಕೆ ಅವರ ಹಿಂದೆ ಸಾಲು ಬರುತ್ತದೆ ಎಂದೇನಿಲ್ಲ. ಸಾಲು ಬರಬೇಕಾದರೆ ಕೆಳಗಿನ ಹತ್ತು ಹುದ್ದೆಗಳಲ್ಲಿ ಜನ ತಯಾರಾಗಬೇಕು.

ನಾನು ಸುಮ್ನೆ ಒಬ್ಬ ಲೆಕ್ಚರರ್. ನಾಯಕತ್ವ ಅಂದ್ರೆ ಕುಲಪತಿ ಆಗೋದಾ?

ಅಲ್ಲ. ಅಧ್ಯಯನ ಮಂಡಳಿಯಲ್ಲಿ ಕೂತು ಯಾವ ಪಠ್ಯ ಇರಬೇಕು ಅಂತ ಹೇಳುವುದು ನಾಯಕತ್ವ. ಪರೀಕ್ಷಾ ಮಂಡಳಿಯ ಅಧ್ಯಕ್ಷತೆ, ಸಂಸ್ಥೆಯ ಗುಣಮಟ್ಟ ಅಳೆಯುವ ನ್ಯಾಕ್‌ನ ಕೆಲಸ ನೋಡಿಕೊಳ್ಳುವ ಐಕ್ಯೂಎಸಿ ಘಟಕ, ಎನ್‌ಎಸ್‌ಎಸ್, ಖರೀದಿ ಸಮಿತಿ, ಇವೂ ಹಾಗೆಯೇ. ಯಾವ ಕುರ್ಚಿಯಲ್ಲಿ ಕೂತರೆ ದುಡ್ಡು, ನೇಮಕ, ಪಠ್ಯ ಈ ಮೂರರಲ್ಲಿ ಒಂದರ ಮೇಲಾದರೂ ನಿಮ್ಮ ಮಾತು ನಡೆಯುತ್ತದೋ ಅದನ್ನು ನಾಯಕತ್ವದ ಜಾಗ ಎಂದುಕೊಳ್ಳಿ. ಸ್ವಾಗತ ಭಾಷಣಕ್ಕೆ ಮಾತ್ರ ಕರೆಯುವ ಜಾಗ ಆ ಪಟ್ಟಿಯಲ್ಲಿಲ್ಲ.

ಅರ್ಹತೆ ಇದ್ದವರು ತಾನಾಗೇ ಮೇಲೆ ಬರ್ತಾರೆ. ಹೆಂಗಸರಿಗೆ ಬೇರೆ ಸಹಾಯ ಯಾಕೆ?

ಗಂಡಸರಿಗೂ ಸಹಾಯ ಸಿಗುತ್ತದೆ, ಅದನ್ನು ಯಾರೂ ಸಹಾಯ ಅಂತ ಕರೆಯುವುದಿಲ್ಲ ಅಷ್ಟೇ. ಮೀಟಿಂಗ್ ಮುಗಿದ ಮೇಲೆ ಒಟ್ಟಿಗೆ ಬೆಣ್ಣೆದೋಸೆಗೆ ಹೋಗುತ್ತಾರೆ. ಮುಂದಿನ ಸಮಿತಿಗೆ ಯಾರು ಅನ್ನುವುದು ಅಲ್ಲೇ ಅರ್ಧ ತೀರ್ಮಾನವಾಗಿರುತ್ತದೆ. ಬೆಂಗಳೂರಿಗೆ ಫೈಲು ಹಿಡಿದು ಹೋಗುವಾಗ ಕಾರಿನಲ್ಲಿ ಹಿರಿಯರು ಕಿರಿಯರಿಗೆ ಹಣಕಾಸು ಇಲಾಖೆ ಹೇಗೆ ಕೆಲಸ ಮಾಡುತ್ತದೆ ಅಂತ ಹೇಳಿಕೊಡುತ್ತಾರೆ. ಆ ಕಾರಿನಲ್ಲಿ ಮಹಿಳೆಗೆ ಸೀಟು ಇರುವುದು ಅಪರೂಪ. ನಾವು ಕೇಳುತ್ತಿರುವುದು ಆ ಸೀಟನ್ನು, ಹೊಸದೇನನ್ನೂ ಅಲ್ಲ.

ಪ್ರತಿ ವರ್ಷ ಮಾರ್ಚ್ 8ಕ್ಕೆ ಕಾರ್ಯಕ್ರಮ ಮಾಡ್ತೀವಿ. ಸಾಲದಾ?

ಸಾಲದು. ನಮ್ಮ ಕಡೆ ಆ ದಿನದ ಭಾಷಣ ಒನಕೆ ಓಬವ್ವನಿಂದ ಶುರುವಾಗಿ ಓಬವ್ವನಲ್ಲೇ ಮುಗಿಯುತ್ತದೆ. ಈಗ ನವೆಂಬರ್ 11ಕ್ಕೆ ಅವಳ ಜಯಂತಿಯೂ ಇರುವುದರಿಂದ ಅದೇ ಭಾಷಣ ವರ್ಷಕ್ಕೆ ಎರಡು ಸಲ. ಓಬವ್ವ ಕೋಟೆ ಕಾದದ್ದು ಕಾವಲಿನವನು ಊಟಕ್ಕೆ ಹೋದಾಗ. ಅವಳಿಗೆ ಆ ಕೆಲಸವನ್ನು ಯಾರೂ ವಹಿಸಿರಲಿಲ್ಲ, ಕೈಗೆ ಆಯುಧವನ್ನೂ ಕೊಟ್ಟಿರಲಿಲ್ಲ. ಇವತ್ತಿನ ಮೇಡಂಗಳಿಗಾದರೂ ಅಧಿಕಾರವನ್ನು ಆದೇಶದಲ್ಲಿ ಬರೆದು ಕೊಡಬಹುದಲ್ಲ. ಸನ್ಮಾನ ಬೇಡ ಅನ್ನುತ್ತಿಲ್ಲ. ಆ ದಿನ ಶಾಲು, ಹಾರದ ಜೊತೆಗೆ ಮುಂದಿನ ವರ್ಷದ ಸಮಿತಿಗಳ ಪಟ್ಟಿಯನ್ನೂ ಓದಿದರೆ ಕಾರ್ಯಕ್ರಮಕ್ಕೆ ತೂಕ ಬರುತ್ತದೆ.

## ಬಡ್ತಿ, ರಜೆ, ದಿನಾಂಕ

ಲೆಕ್ಚರರ್ ಆಗಿ ಸೇರಿದವಳು ಕುಲಪತಿ ಆಗೋಕೆ ಎಷ್ಟು ವರ್ಷ ಬೇಕು? ಲೆಕ್ಕ ಹಾಕಿ ಹೇಳಿ.

ಈ ಪ್ರಶ್ನೆ ಕೇಳಿದ್ದು ಇಪ್ಪತ್ತೊಂಬತ್ತರ ಹುಡುಗಿ. ಎಲ್ಲರೂ ನಕ್ಕರು. ನನಗೆ ಮಾತ್ರ ಇದೇ ಸರಿಯಾದ ಪ್ರಶ್ನೆ ಅನ್ನಿಸಿತು.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮ ನೋಡಿ. ಪಿಎಚ್.ಡಿ. ಇರುವ ಸಹಾಯಕ ಪ್ರಾಧ್ಯಾಪಕಿಗೆ ಮೊದಲ ಹಂತದ ಬಡ್ತಿಗೆ 4 ವರ್ಷ. ಪಿಎಚ್.ಡಿ. ಇಲ್ಲದಿದ್ದರೆ 6. ಎರಡನೇ ಹಂತಕ್ಕೆ 5 ವರ್ಷ. ಅಲ್ಲಿಂದ ಸಹ ಪ್ರಾಧ್ಯಾಪಕಿಯಾಗಲು 3, ಪ್ರಾಧ್ಯಾಪಕಿಯಾಗಲು ಇನ್ನೂ 3. ಒಟ್ಟು 15 ವರ್ಷ. ಕುಲಪತಿಯಾಗಲು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ 10 ವರ್ಷದ ಅನುಭವ ಬೇಕು. ಅಲ್ಲಿಗೆ 25. ಮೂವತ್ತಕ್ಕೆ ಸೇರಿದವಳು, ಎಲ್ಲೂ ಒಂದು ದಿನವೂ ತಡವಾಗದಿದ್ದರೆ, 45ಕ್ಕೆ ಪ್ರಾಧ್ಯಾಪಕಿ, 55ಕ್ಕೆ ಕುಲಪತಿ ಹುದ್ದೆಗೆ ಅರ್ಹಳು. ಮೂವತ್ತೈದಕ್ಕೆ ಸೇರಿದರೆ ಅರವತ್ತು. ಆಮೇಲೂ ಶೋಧನಾ ಸಮಿತಿ, ರಾಜ್ಯಪಾಲರು, ಸರ್ಕಾರ ಎಲ್ಲ ಇದ್ದೇ ಇದೆ.

ಈಗ ತಡ ಎಲ್ಲಾಗುತ್ತದೆ ನೋಡಿ. ಮೊದಲ ಬಡ್ತಿಗೆ 21 ದಿನದ ಓರಿಯೆಂಟೇಷನ್ ಕೋರ್ಸ್ ಆಗಿರಬೇಕು, ಜೊತೆಗೆ ರಿಫ್ರೆಶರ್ ಅಥವಾ ಅದಕ್ಕೆ ಸಮನಾದದ್ದು. ಮೊದಲೆಲ್ಲ ಇದಕ್ಕೆ ಮೈಸೂರಿಗೋ ಬೆಂಗಳೂರಿಗೋ ಧಾರವಾಡಕ್ಕೋ ಹೋಗಿ ಹಾಸ್ಟೆಲ್‌ನಲ್ಲಿ ಇರಬೇಕಿತ್ತು. ಕೈಕೂಸು ಇದ್ದವಳು "ಮುಂದಿನ ಬ್ಯಾಚಿಗೆ ಹೋಗ್ತೀನಿ" ಅನ್ನುತ್ತಾಳೆ. ಮುಂದಿನ ಬ್ಯಾಚಿನ ಹೊತ್ತಿಗೆ ಅತ್ತೆಗೆ ಆಪರೇಷನ್. ಹೀಗೆ ಎರಡು, ಮೂರು ವರ್ಷ ಜಾರುತ್ತದೆ. ಈಗ ಆನ್‌ಲೈನ್‌ನಲ್ಲೂ ಮಾಡಬಹುದಾದ್ದರಿಂದ ಸ್ವಲ್ಪ ಹಗುರವಾಗಿದೆ.

ಇನ್ನೊಂದು ಗುಟ್ಟು ದಿನಾಂಕದ್ದು. ಕನಿಷ್ಠ ಅವಧಿ ಮುಗಿಯುತ್ತಿದ್ದಂತೆ ಅರ್ಜಿ ಹಾಕಿ ಪಾಸಾದರೆ, ಸಂದರ್ಶನ ತಡವಾಗಿ ನಡೆದರೂ ಬಡ್ತಿ ಅರ್ಹತೆಯ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಮೊದಲ ಸಲ ಆಗದೆ ಮುಂದಿನ ಸಲ ಪಾಸಾದರೆ, ಹಾಗೆ ಪಾಸಾದ ದಿನದಿಂದ. ಅದಕ್ಕೇ ಅರ್ಹತೆಯ ದಿನಾಂಕಕ್ಕೆ ಮೂರು ತಿಂಗಳು ಮುಂಚೆಯೇ ಅರ್ಜಿ ರೆಡಿ ಇರಲಿ, ಕಾಗದಗಳೂ ಪೂರ್ತಿ ಇರಲಿ. "ಕರೆದಾಗ ಹಾಕಿದ್ರಾಯ್ತು" ಅನ್ನುವ ಒಂದು ಮಾತಿಗೆ ಎಷ್ಟೋ ಜನ ಜ್ಯೇಷ್ಠತೆ ಕಳೆದುಕೊಂಡಿದ್ದಾರೆ. ಕೆಳಗೆ ಕಳೆದ ಎರಡು ವರ್ಷ ಅಲ್ಲೇ ಮುಗಿಯುವುದಿಲ್ಲ. 55ರ ವಯಸ್ಸಿನಲ್ಲಿ ಪಟ್ಟಿಯಿಂದ ಹೆಸರು ಬಿಡಿಸುವುದು ಅದೇ ಎರಡು ವರ್ಷ.

ಹೆರಿಗೆ ರಜೆ, ಮಕ್ಕಳ ಆರೈಕೆ ರಜೆ ತಗೊಂಡ್ರೆ ಬಡ್ತಿಗೆ ಪೆಟ್ಟಾ?

ನಿಯಮದಲ್ಲಿ ಪೆಟ್ಟಿಲ್ಲ. 2018ರ ಅದೇ ನಿಯಮದಲ್ಲಿ ಸ್ಪಷ್ಟವಾಗಿದೆ: ಹೆರಿಗೆ ರಜೆ, ಮಕ್ಕಳ ಆರೈಕೆ ರಜೆ, ಅಧ್ಯಯನ ರಜೆ ಇಂಥವುಗಳಲ್ಲಿ ಇದ್ದ ಅವಧಿಯನ್ನು ಬೋಧನೆಯ ಅಂಕ ಹಾಕುವಾಗ ಬಿಡಬೇಕು, ಉಳಿದ ಅವಧಿಯ ಕೆಲಸ ನೋಡಿ ಪೂರ್ತಿ ಅವಧಿಗೆ ಲೆಕ್ಕ ಕಟ್ಟಬೇಕು, ಪಾಠ ಮಾಡಲಿಲ್ಲ ಅನ್ನುವ ಕಾರಣಕ್ಕೆ ಬಡ್ತಿಯಲ್ಲಿ ತೊಂದರೆ ಮಾಡಬಾರದು. ಒಂದೇ ಷರತ್ತು, ರಜೆ ಮುಂಚಿತವಾಗಿ ಮಂಜೂರಾಗಿರಬೇಕು. ಅದಕ್ಕೆ ಮಂಜೂರಾತಿ ಆದೇಶವನ್ನು ಜೋಪಾನ ಮಾಡಿ, ಸೇವಾ ಪುಸ್ತಕದಲ್ಲಿ ನಮೂದಾಗಿದೆಯಾ ನೋಡಿ. ರಾಜ್ಯ ಸರ್ಕಾರದ ಮಹಿಳಾ ನೌಕರರಿಗೆ 2021ರಿಂದ ಆರು ತಿಂಗಳ ಮಕ್ಕಳ ಆರೈಕೆ ರಜೆಯೂ ಇದೆ.

ಪೆಟ್ಟು ಬೀಳುವುದು ಬೇರೆ ಕಡೆ. ರಜೆಯಲ್ಲಿದ್ದಾಗ ನೀವು ಪಾಠ ಮಾಡುವ ಪೇಪರ್ ಬೇರೆಯವರಿಗೆ ಹೋಗುತ್ತದೆ, ಸಂಶೋಧನಾ ವಿದ್ಯಾರ್ಥಿ ಬೇರೆ ಮಾರ್ಗದರ್ಶಕರ ಹತ್ತಿರ ಹೋಗುತ್ತಾನೆ. ವಾಪಸ್ ಬಂದಾಗ ಅದು ನಿಮಗೆ ಮರಳಿ ಸಿಗುತ್ತದಾ ಅಂತ ಹೋಗುವ ಮುಂಚೆಯೇ ವಿಭಾಗದ ಸಭೆಯಲ್ಲಿ ಕೇಳಿ, ನಡಾವಳಿಯಲ್ಲಿ ಬರೆಸಿ.

ಪಿಎಚ್.ಡಿ. ಮಧ್ಯೆ ಮಗು ಆಯ್ತು. ರಿಜಿಸ್ಟ್ರೇಷನ್ ಹೋಗುತ್ತಾ ಮೇಡಂ?

ಹೋಗುವುದಿಲ್ಲ. ಯುಜಿಸಿಯ 2022ರ ಪಿಎಚ್.ಡಿ. ನಿಯಮದ ಪ್ರಕಾರ ಮಹಿಳಾ ಸಂಶೋಧಕರಿಗೆ ಪೂರ್ತಿ ಅವಧಿಯಲ್ಲಿ 240 ದಿನದವರೆಗೆ ಹೆರಿಗೆ ಅಥವಾ ಮಗುವಿನ ಆರೈಕೆಯ ರಜೆ ಕೊಡಬಹುದು. ಅವಧಿಯ ಲೆಕ್ಕ ಹೀಗಿದೆ: ಸಾಮಾನ್ಯ ಮಿತಿ 6 ವರ್ಷ, ಮರುನೋಂದಣಿ ಮಾಡಿಸಿದರೆ ಇನ್ನೂ 2, ಮಹಿಳೆಯರಿಗೆ ಅದರ ಮೇಲೆ ಮತ್ತೆ 2. ಒಟ್ಟು 10 ವರ್ಷ ದಾಟಬಾರದು. ಇದು ತಾನಾಗಿ ಸಿಗುವುದಿಲ್ಲ. ಮಾರ್ಗದರ್ಶಕರ ಮೂಲಕ ಅರ್ಜಿ ಕೊಡಬೇಕು. ಬಾಯಿಮಾತಿನಲ್ಲಿ "ನಿಧಾನಕ್ಕೆ ಬಾರಮ್ಮ" ಅಂದಿದ್ದಾರೆ ಅಂತ ಸುಮ್ಮನಿದ್ದರೆ, ಪ್ರಗತಿ ವರದಿ ಕೊಟ್ಟಿಲ್ಲ ಅನ್ನುವ ಪತ್ರ ಮನೆಗೆ ಬರುತ್ತದೆ.

ನಾನು ಅತಿಥಿ ಉಪನ್ಯಾಸಕಿ. ಇದೆಲ್ಲ ನನಗೆ ಅನ್ವಯಿಸುತ್ತಾ?

ಇಲ್ಲಿ ಸಿಹಿ ಮಾತು ಹೇಳುವುದು ತಪ್ಪಾಗುತ್ತದೆ. ಬಡ್ತಿಯ ಏಣಿ ನಿಮಗಿಲ್ಲ. ಮುಂದೆ ಕಾಯಂ ಆದಾಗ ಹಳೆಯ ಸೇವೆ ಲೆಕ್ಕಕ್ಕೆ ಬರಬೇಕಾದರೆ ಮೂರು ಷರತ್ತುಗಳಿವೆ. ಆಗಲೇ ಯುಜಿಸಿ ಅರ್ಹತೆ ಇರಬೇಕು, ಸರಿಯಾದ ಆಯ್ಕೆ ಸಮಿತಿಯ ಮೂಲಕ ಬಂದಿರಬೇಕು, ಒಟ್ಟು ಸಂಬಳ ಕಾಯಂ ಸಹಾಯಕ ಪ್ರಾಧ್ಯಾಪಕರಿಗಿಂತ ಕಡಿಮೆ ಇರಬಾರದು. ಮೂರನೆಯದರಲ್ಲೇ ಹೆಚ್ಚಿನವರು ಬಿದ್ದುಹೋಗುತ್ತಾರೆ. ಕೆಲಸ ಅಷ್ಟೇ, ಸಂಬಳ ಬಹಳ ಕಡಿಮೆ, ಆ ಕಡಿಮೆ ಸಂಬಳದಿಂದಲೇ ಸೇವೆಯೂ ಲೆಕ್ಕಕ್ಕಿಲ್ಲ. ಇದು ಅನ್ಯಾಯ ಅಂತ ನನ್ನ ಅಭಿಪ್ರಾಯ.

ಹೆರಿಗೆ ಸೌಲಭ್ಯದ ವಿಷಯದಲ್ಲಿ ಸ್ವಲ್ಪ ಆಸರೆ ಇದೆ. ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದವರಿಗೆ, ಮೊದಲ ಎರಡು ಮಕ್ಕಳಿಗೆ, 26 ವಾರ ಸಂಬಳ ಸಹಿತ ರಜೆ ಇದೆ. ಗುತ್ತಿಗೆಯ ಅವಧಿ ಮುಗಿದರೂ ಈ ಸೌಲಭ್ಯ ನಿಲ್ಲುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಒಬ್ಬ ಗುತ್ತಿಗೆ ವೈದ್ಯೆಯ ಪ್ರಕರಣದಲ್ಲಿ ಹೇಳಿದೆ. ಅರ್ಜಿ ಬರೆಯುವಾಗ ಆ ತೀರ್ಪನ್ನು ಉಲ್ಲೇಖಿಸಿ. ನಾಯಕತ್ವದ ಮಾತು ಬಂದರೆ, ಸಮಿತಿಗಳಲ್ಲಿ ಮಾಡಿದ ಕೆಲಸಕ್ಕೆ ಆದೇಶದ ಪ್ರತಿ ಕೇಳಿ ಇಟ್ಟುಕೊಳ್ಳಿ. ಹೆಸರಿಲ್ಲದ ಕೆಲಸ ಬಹಳ ಬೀಳುವುದು ನಿಮ್ಮ ಮೇಲೇ.

## ವಿಭಾಗದ ಒಳಗೆ

ನಮ್ಮಲ್ಲಿ ಹೆಂಗಸರಿಗೆ ಯಾವಾಗಲೂ ರಂಗೋಲಿ, ಪ್ರಾರ್ಥನೆ, ಊಟದ ಕಮಿಟಿ. ಬೇಡ ಅಂದ್ರೆ ಜಂಬ ಅಂತಾರೆ. ಏನ್ ಮಾಡ್ಲಿ?

ನನಗೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದು. ದಾವಣಗೆರೆಯೊಂದರ ಕಥೆಯೂ ಅಲ್ಲ.

ಅಮೆರಿಕದಲ್ಲಿ ಲಿಂಡಾ ಬ್ಯಾಬ್‌ಕಾಕ್, ಲಿಸ್ ವೆಸ್ಟರ್‌ಲಂಡ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿ 2017ರಲ್ಲಿ ಪ್ರಕಟಿಸಿದರು. ಮೂರು ಮೂರು ಜನರ ಗುಂಪು. ಎರಡು ನಿಮಿಷದಲ್ಲಿ ಯಾರಾದರೂ ಒಬ್ಬರು ಬಟನ್ ಒತ್ತಬೇಕು. ಒತ್ತಿದವರಿಗೆ ಕಡಿಮೆ ದುಡ್ಡು, ಉಳಿದ ಇಬ್ಬರಿಗೆ ಜಾಸ್ತಿ. ಯಾರೂ ಒತ್ತದಿದ್ದರೆ ಎಲ್ಲರಿಗೂ ಇನ್ನೂ ಕಡಿಮೆ. ಗಂಡಸರು, ಹೆಂಗಸರು ಸೇರಿದ್ದ ಗುಂಪುಗಳಲ್ಲಿ ಹೆಂಗಸರು ಶೇ 48ರಷ್ಟು ಜಾಸ್ತಿ ಮುಂದೆ ಬಂದರು. ಆದರೆ ಬರೀ ಗಂಡಸರ ಗುಂಪಿನಲ್ಲಿ ಏನಾಯಿತು? ಹೆಂಗಸರ ಗುಂಪಿನಷ್ಟೇ ಸಲ ಅವರೂ ಒತ್ತಿದರು! ಅಂದರೆ ಇದು ಹೆಂಗಸರ ಸ್ವಭಾವ ಅಲ್ಲ. ಹೆಂಗಸರಿದ್ದರೆ ಅವರೇ ಮಾಡುತ್ತಾರೆ ಅಂತ ಎಲ್ಲರೂ ಕಾಯುತ್ತಾರೆ, ಹೆಂಗಸರೂ ಅದನ್ನೇ ನಂಬಿದ್ದಾರೆ. ಯಾರಾದರೂ ಒಬ್ಬರನ್ನು ಕೇಳಿ ಅಂದಾಗಲೂ ಹೆಂಗಸರನ್ನೇ ಜಾಸ್ತಿ ಕೇಳಿದರಂತೆ.

ನಮ್ಮ ವಿಭಾಗಗಳಲ್ಲಿ ಆ ಬಟನ್ ಅಂದರೆ ದೀಪದ ಎಣ್ಣೆ, ಹೂವಿನ ಬುಟ್ಟಿ, ಅತಿಥಿಗೆ ತಟ್ಟೆ, ನಿರೂಪಣೆ. ಇದಕ್ಕೆ ಬಡ್ತಿಯಲ್ಲಿ ಅಂಕ ಸಿಗುವುದಿಲ್ಲ. ಒಬ್ಬಳೇ ನಿಂತು "ನಾನು ಮಾಡಲ್ಲ" ಅಂದರೆ ಹೆಸರು ಕೆಡುತ್ತದೆ, ನಿಜ. ಹಾಗಾಗಿ ಜಗಳ ಬೇಡ, ಪಟ್ಟಿ ಮಾಡಿಸಿ. ವರ್ಷದ ಶುರುವಿನಲ್ಲಿ ಇಡೀ ವರ್ಷದ ಚಿಲ್ಲರೆ ಕೆಲಸಗಳನ್ನೆಲ್ಲ ಬರೆದು, ಹೆಸರಿನ ಅಕ್ಷರ ಕ್ರಮದಲ್ಲಿ ಸರದಿ ಹಂಚಲು ಹೇಳಿ. "ಯಾರು ಮಾಡ್ತೀರಿ?" ಅನ್ನುವ ಪ್ರಶ್ನೆಯನ್ನೇ ಸಭೆಯಿಂದ ತೆಗೆಯಬೇಕು. ಆ ಪ್ರಶ್ನೆ ಕೇಳಿದ ಮೇಲೆ ಬರುವ ಮೌನದಲ್ಲೇ ಎಲ್ಲ ತಪ್ಪುವುದು. ಸರ್‌ಗಳು ರಂಗೋಲಿ ಹಾಕಿದರೆ ಹೇಗಿರುತ್ತದೆ ಅಂತ ಯೋಚನೆ ಬೇಡ. ಅಂಗಡಿಯಲ್ಲಿ ಸ್ಟಿಕ್ಕರ್ ಸಿಗುತ್ತದೆ.

ರಂಗೋಲಿ ಇಷ್ಟ ಇದ್ದವರು ಖುಷಿಯಿಂದ ಹಾಕಲಿ. ಆದರೆ ಅದೇ ವರ್ಷ ಖರೀದಿ ಸಮಿತಿಯಲ್ಲೂ ಅವರ ಹೆಸರಿರಲಿ.

ಮೀಟಿಂಗ್ ಸಂಜೆ ಐದಕ್ಕೆ ಇಡ್ತಾರೆ. ನಾನು ಚಿತ್ರದುರ್ಗದಿಂದ ಓಡಾಡೋದು.

ನಮ್ಮ ವಿ.ವಿ. ಇರುವ ತೋಳಹುಣಸೆ ದಾವಣಗೆರೆಯ ಊರಾಚೆ ಇದೆ. ಅಲ್ಲಿಂದ ಬಸ್‌ಸ್ಟ್ಯಾಂಡ್, ಅಲ್ಲಿಂದ ದುರ್ಗಕ್ಕೆ ಸುಮಾರು 60 ಕಿ.ಮೀ. ಐದಕ್ಕೆ ಶುರುವಾದ ಸಭೆ ಆರೂವರೆಗೆ ಮುಗಿದರೆ ಮನೆ ಸೇರುವಾಗ ಒಂಬತ್ತು. ಶಕ್ತಿ ಯೋಜನೆ ಬಂದ ಮೇಲೆ, 2023ರ ಜೂನ್‌ನಿಂದ, ಟಿಕೆಟ್ ದುಡ್ಡು ಉಳಿದಿದೆ. ಹೊತ್ತು ಉಳಿದಿಲ್ಲ. ಹೀಗೆ ಎರಡು ಸಲ ಆದ ಮೇಲೆ ಮೂರನೇ ಸಲ ಅವರು ಬರುವುದಿಲ್ಲ. "ಮೇಡಂಗೆ ಆಸಕ್ತಿ ಇಲ್ಲ" ಅಂತ ಹೆಸರಾಗುತ್ತದೆ.

ಪರಿಹಾರಕ್ಕೆ ಒಂದು ಪೈಸೆ ಬೇಡ. ಶಾಸನಬದ್ಧ ಸಭೆಗಳೆಲ್ಲ ಬೆಳಿಗ್ಗೆ 11ರಿಂದ ಸಂಜೆ 4ರ ಒಳಗೆ ಮುಗಿಯಬೇಕು ಅಂತ ಒಂದು ಸುತ್ತೋಲೆ ಹೊರಡಿಸಿದರೆ ಆಯಿತು. ಚಿತ್ರದುರ್ಗದ ಸ್ನಾತಕೋತ್ತರ ಕೇಂದ್ರ ಜ್ಞಾನಗಂಗೋತ್ರಿಯಲ್ಲಿ ಇರುವವರಿಗೆ ಆನ್‌ಲೈನ್‌ನಲ್ಲಿ ಸೇರುವ ಅವಕಾಶವೂ ಇರಲಿ. ಗಂಡಸರೂ ಇದಕ್ಕೆ ಒಳಗೊಳಗೇ ಖುಷಿಪಡುತ್ತಾರೆ, ಕೇಳಿ ನೋಡಿ.

ನಾನು ಹೇಳಿದ್ದನ್ನೇ ಐದು ನಿಮಿಷ ಆದ್ಮೇಲೆ ಸರ್ ಒಬ್ಬರು ಹೇಳಿದ್ರೆ ಎಲ್ರೂ ಒಪ್ತಾರೆ.

ಸಭೆಗೆ ಮುಂಚೆಯೇ ವಿಷಯವನ್ನು ಟಿಪ್ಪಣಿಯಾಗಿ ಬರೆದು ಕಾರ್ಯಸೂಚಿಗೆ ಸೇರಿಸಿ. ಆಗ ನಡಾವಳಿಯಲ್ಲಿ ನಿಮ್ಮ ಹೆಸರಿನ ಮುಂದೆಯೇ ಬರುತ್ತದೆ. ಪಕ್ಕದಲ್ಲಿ ಇನ್ನೊಬ್ಬ ಮೇಡಂ ಇದ್ದರೆ ಮೊದಲೇ ಮಾತಾಡಿಕೊಳ್ಳಿ: ಒಬ್ಬರು ಹೇಳಿದ್ದನ್ನು ಇನ್ನೊಬ್ಬರು "ಮೇಡಂ ಆಗ ಹೇಳಿದ ಹಾಗೆ" ಅಂತ ಶುರು ಮಾಡಬೇಕು.

ಎಚ್.ಒ.ಡಿ. ಸರದಿ ಬಂತು. ಮನೆಯಲ್ಲಿ "ಬೇಡ ಅಂತ ಬರೆದುಕೊಡು" ಅಂತಾರೆ.

ನಮ್ಮ ವಿಶ್ವವಿದ್ಯಾಲಯಗಳಲ್ಲಿ ವಿಭಾಗದ ಅಧ್ಯಕ್ಷತೆ ಜ್ಯೇಷ್ಠತೆಯ ಮೇಲೆ, ಎರಡು ವರ್ಷದ ಸರದಿಯಲ್ಲಿ ಬರುತ್ತದೆ. ಯಾರೂ ಕೊಡಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ. ಇಡೀ ವ್ಯವಸ್ಥೆಯಲ್ಲಿ ಮಹಿಳೆಗೆ ವಶೀಲಿ ಇಲ್ಲದೆ ಸಿಗುವ ಕುರ್ಚಿ ಇದೊಂದೇ ಅಂದರೂ ನಡೆಯುತ್ತದೆ. ಅದನ್ನೇ ಬಿಟ್ಟುಕೊಡುವವರು ಎಷ್ಟು ಜನ!

ಕಾರಣಗಳು ಸುಳ್ಳಲ್ಲ. ಮಗಳು ಪಿಯುಸಿ ಎರಡನೇ ವರ್ಷ. ಗಂಡ ರಾಣೆಬೆನ್ನೂರಿನಲ್ಲಿ ಕೆಲಸ. ಮಾವನವರಿಗೆ ಮಂಡಿನೋವು. ಆದರೆ ಒಂದು ವಿಷಯ ಗಮನಿಸಿ. ಅದೇ ಮನೆಯಲ್ಲಿ ಗಂಡನಿಗೆ ಬಡ್ತಿ ಬಂದರೆ ಮಗಳ ಪಿಯುಸಿ ಯಾರಿಗೂ ನೆನಪಾಗುವುದಿಲ್ಲ. ಬರೆದುಕೊಟ್ಟ ಮೇಲೆ ಆ ಕಾಗದ ಫೈಲಿನಲ್ಲಿ ಇರುತ್ತದೆ. ನಾಳೆ ಡೀನ್ ಸರದಿ ಬಂದಾಗ "ಅವರು ಆಡಳಿತ ಬೇಡ ಅಂದವರು" ಅಂತ ಯಾರೋ ನೆನಪಿಸುತ್ತಾರೆ.

ನಾನು ಹೇಳುವುದು ಇಷ್ಟು. ಮನೆಯವರ ಮುಂದೆ ಎರಡು ವರ್ಷದ ಲೆಕ್ಕ ಇಡಿ. ಯಾವ ತಿಂಗಳು ಪರೀಕ್ಷೆ, ಯಾವ ತಿಂಗಳು ಪ್ರವೇಶಾತಿ, ಯಾವಾಗ ತಡವಾಗುತ್ತದೆ ಅಂತ. ಭಯ ಇರುವುದು ಗೊತ್ತಿಲ್ಲದ ಕೆಲಸದ ಬಗ್ಗೆ. ಹಿಂದಿನ ಅಧ್ಯಕ್ಷರ ಜೊತೆ ಒಂದು ತಿಂಗಳು ಮುಂಚೆಯೇ ಕೂತು ಫೈಲು ನೋಡಿ, ವಿಭಾಗದ ಗುಮಾಸ್ತರನ್ನು ವಿಶ್ವಾಸಕ್ಕೆ ತಗೊಳ್ಳಿ. ಅರ್ಧ ಆಡಳಿತ ಅವರ ಕೈಯಲ್ಲೇ ಇರುತ್ತದೆ. ಇಷ್ಟಾದ ಮೇಲೂ ಆರೋಗ್ಯಕ್ಕೋ ಮನೆಗೋ ಆಗುವುದೇ ಇಲ್ಲ ಅಂತಿದ್ದರೆ ಬಿಡಿ, ಅದರಲ್ಲಿ ನಾಚಿಕೆಯಿಲ್ಲ. ಆದರೆ ಆ ತೀರ್ಮಾನ ನಿಮ್ಮದಾಗಿರಲಿ.

ಹೆಂಗಸರಿಗೆ ಹೆಂಗಸರೇ ಶತ್ರು ಅಂತಾರಲ್ಲ?

ಹತ್ತು ಕುರ್ಚಿಯಲ್ಲಿ ಹೆಂಗಸರಿಗೆ ಒಂದೇ ಅಂತ ಎಲ್ಲರೂ ಒಪ್ಪಿಕೊಂಡಿದ್ದರೆ ಆ ಒಂದಕ್ಕೆ ನಾಲ್ವರು ಹೊಡೆದಾಡುತ್ತಾರೆ. ಉಳಿದ ಒಂಬತ್ತಕ್ಕೆ ಗಂಡಸರು ಹೊಡೆದಾಡುವುದಕ್ಕೆ ರಾಜಕೀಯ ಅಂತ ಮರ್ಯಾದೆಯ ಹೆಸರಿದೆ.

ನಾನು ಗಂಡಸು, ಹಿರಿಯ ಪ್ರಾಧ್ಯಾಪಕ. ನಿಜವಾಗಿ ಏನು ಮಾಡಬಹುದು?

ಸಲಹೆ ಕಡಿಮೆ ಕೊಡಿ, ಹೆಸರು ಜಾಸ್ತಿ ಕೊಡಿ. "ಧೈರ್ಯವಾಗಿರಮ್ಮ" ಅನ್ನುವುದಕ್ಕಿಂತ, ಬಾಹ್ಯ ಪರೀಕ್ಷಕರ ಪಟ್ಟಿ ಬರೆಯುವಾಗ ಅವರ ಹೆಸರು ಬರೆಯುವುದು ದೊಡ್ಡದು. ವಿಚಾರ ಸಂಕಿರಣಕ್ಕೆ ನಿಮ್ಮನ್ನು ಕರೆದಾಗ ಆಹ್ವಾನ ಪತ್ರಿಕೆ ಕೇಳಿ. ಎಂಟೂ ಜನ ಗಂಡಸರಾಗಿದ್ದರೆ "ನನ್ನ ಬದಲು ಇವರನ್ನು ಕರೆಯಿರಿ" ಅನ್ನಿ. ಬೆಂಗಳೂರಿಗೆ ಫೈಲು ಹಿಡಿದು ಹೋಗುವ ತಂಡದಲ್ಲಿ ಒಬ್ಬ ಕಿರಿಯ ಸಹೋದ್ಯೋಗಿಣಿಯನ್ನೂ ಸೇರಿಸಿ. ಒಬ್ಬರನ್ನು ಸೇರಿಸಿದರೆ ಜನ ಆಡಿಕೊಳ್ಳುತ್ತಾರೆ ಅನ್ನುವ ಭಯ ಇದ್ದರೆ ಇಬ್ಬರನ್ನು ಸೇರಿಸಿ.

## ಹುದ್ದೆ ಸಿಕ್ಕ ಮೇಲೆ

ನನ್ನನ್ನ ಆಂತರಿಕ ದೂರು ಸಮಿತಿಗೆ ಹಾಕಿದ್ದಾರೆ. ಇದು ನಾಯಕತ್ವನಾ, ತಲೆನೋವಾ?

ಎರಡೂ. ಇದು ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಸಮಿತಿ. ಯುಜಿಸಿಯ 2015ರ ನಿಯಮವನ್ನು ಮೊದಲು ಪೂರ್ತಿ ಓದಿ. ವಿಶ್ವವಿದ್ಯಾಲಯದ ಸಮಿತಿಯ ಅಧ್ಯಕ್ಷೆ ಪ್ರಾಧ್ಯಾಪಕಿಗಿಂತ ಕಡಿಮೆ ದರ್ಜೆಯವರು ಆಗಬಾರದು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು. ಬೋಧಕೇತರ ನೌಕರರು, ಹೊರಗಿನ ಒಬ್ಬ ಸದಸ್ಯರು ಇರಬೇಕು. ದೂರು ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಾದರೆ ವಿದ್ಯಾರ್ಥಿ ಪ್ರತಿನಿಧಿಗಳೂ ಬೇಕು. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥರು ಸದಸ್ಯರಾಗುವಂತಿಲ್ಲ. ಈ ಕೊನೆಯದನ್ನು ಎಷ್ಟೋ ಕಡೆ ಮರೆಯುತ್ತಾರೆ. ನೀವೀಗ ಎಚ್.ಒ.ಡಿ. ಆಗಿದ್ದರೆ ನಿಮ್ಮ ನೇಮಕವೇ ನಿಲ್ಲುವುದಿಲ್ಲ, ನೋಡಿಕೊಳ್ಳಿ.

ಘಟನೆ ನಡೆದ ಮೂರು ತಿಂಗಳ ಒಳಗೆ ದೂರು ಬರಬೇಕು. ಕಾರಣ ಸರಿಯಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಹುದ್ದೆ ಒಪ್ಪುವ ಮುಂಚೆ ಮೂರು ಕೇಳಿ: ಬೀಗ ಇರುವ ಒಂದು ಅಲ್ಮೇರಾ, ಬೇರೆಯವರ ಕಣ್ಣಿಗೆ ಬೀಳದ ಒಂದು ಕೋಣೆ, ಸದಸ್ಯರಿಗೆ ಒಮ್ಮೆಯಾದರೂ ತರಬೇತಿ. ಕಾರಿಡಾರಿನಲ್ಲಿ ನಿಂತು ಹೇಳಿಕೆ ಬರೆದುಕೊಳ್ಳುವ ಸಮಿತಿಯ ಹತ್ತಿರ ಯಾವ ಹುಡುಗಿಯೂ ಬರುವುದಿಲ್ಲ. ಇನ್ನೊಂದು ಮಾತು, ಮಹಿಳೆಯರನ್ನು ಇಂಥ ಸಮಿತಿಗೆ ಮಾತ್ರ ಹಾಕಿ, ಹಣಕಾಸು ಸಮಿತಿಗೆ ಹಾಕದಿದ್ದರೆ ಅದನ್ನೂ ಪ್ರಶ್ನಿಸಬೇಕು.

ಸಿಂಡಿಕೇಟ್‌ನಲ್ಲಿ ಒಬ್ಬಳೇ ಮಹಿಳೆ. ಒಬ್ಬಳಿಂದ ಏನಾಗುತ್ತೆ?

ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ 2000ದ ಪ್ರಕಾರ ಸರ್ಕಾರ ನಾಮಕರಣ ಮಾಡುವ ಸದಸ್ಯರಲ್ಲಿ ಮಹಿಳೆಗೂ ಒಂದು ಜಾಗ ಇದೆ. ಬಹಳ ಕಡೆ ಆ ಕನಿಷ್ಠವೇ ಗರಿಷ್ಠವೂ ಆಗಿರುತ್ತದೆ. ಒಬ್ಬರೇ ಇದ್ದಾಗ ಎಲ್ಲ ವಿಷಯಕ್ಕೂ ಮಾತಾಡಿ ಸುಸ್ತಾಗುವುದಕ್ಕಿಂತ ಬಜೆಟ್ ಹಿಡಿದುಕೊಳ್ಳಿ. ಮಹಿಳಾ ಹಾಸ್ಟೆಲ್ ದುರಸ್ತಿಗೆ ಎಷ್ಟು ಇಟ್ಟಿದ್ದಾರೆ, ಖರ್ಚಾಗಿದ್ದು ಎಷ್ಟು? ಐವತ್ತು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗೆ ಶಿಶುಪಾಲನಾ ಕೇಂದ್ರ ಬೇಕು ಅಂತ ಹೆರಿಗೆ ಸೌಲಭ್ಯದ ಕಾನೂನಿನಲ್ಲಿ 2017ರಲ್ಲೇ ಬಂದಿದೆ. ಅದಕ್ಕೆ ಕೋಣೆ ಯಾವುದು, ಆಯಾ ಯಾರು? ಭಾಷಣಕ್ಕೆ ಉತ್ತರ ಕೊಡುವುದು ಸುಲಭ, ಅಂಕಿಗೆ ಕಷ್ಟ.

ಗತಿ, ಅಥೀನಾ ಸ್ವಾನ್ ಅಂತೆಲ್ಲ ಕೇಳ್ತೀವಿ. ನಮಗೇನು ಉಪಯೋಗ?

ಅಥೀನಾ ಸ್ವಾನ್ 2005ರಲ್ಲಿ ಬ್ರಿಟನ್‌ನಲ್ಲಿ ಶುರುವಾದ ಪದ್ಧತಿ. ವಿಶ್ವವಿದ್ಯಾಲಯ ತನ್ನಲ್ಲಿ ಯಾವ ಹಂತದಲ್ಲಿ ಎಷ್ಟು ಮಹಿಳೆಯರಿದ್ದಾರೆ ಅಂತ ತಾನೇ ಲೆಕ್ಕ ಹಾಕಿ, ಸುಧಾರಣೆಯ ಯೋಜನೆ ಕೊಟ್ಟರೆ ಮಾನ್ಯತೆ ಸಿಗುತ್ತದೆ. ಅದೇ ಮಾದರಿಯಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ವಿಜ್ಞಾನ ಸಂಸ್ಥೆಗಳಿಗೆ ಗತಿ ಯೋಜನೆ ತಂದಿತು. ನಮಗೆ ಬೇಕಾದದ್ದು ಆ ಮಾನ್ಯತೆಯಲ್ಲ, ಆ ಲೆಕ್ಕ. ಅದಕ್ಕೆ ಯಾರ ಅನುಮತಿಯೂ ಬೇಡ.

ವಿಶ್ವವಿದ್ಯಾಲಯ ಒಂದೇ ಒಂದು ಕೆಲಸ ಮಾಡಬಹುದು ಅಂದ್ರೆ ಯಾವುದು ಮಾಡಿಸ್ತೀರಿ?

ವರ್ಷಕ್ಕೊಮ್ಮೆ ಎರಡು ಪಟ್ಟಿ ಸೂಚನಾ ಫಲಕಕ್ಕೆ ಹಾಕಿಸುತ್ತೇನೆ. ಒಂದರಲ್ಲಿ ಮುಂದಿನ ವರ್ಷ ಯಾರಿಗೆ ಯಾವ ದಿನಾಂಕಕ್ಕೆ ಬಡ್ತಿಯ ಅರ್ಹತೆ ಬರುತ್ತದೆ, ಅವರಿಗೆ ಯಾವ ಕೋರ್ಸ್ ಬಾಕಿ ಇದೆ ಅಂತ ಇರಬೇಕು. ಇನ್ನೊಂದರಲ್ಲಿ ಎಲ್ಲ ಸಮಿತಿಗಳು, ಸದಸ್ಯರ ಹೆಸರುಗಳ ಸಮೇತ. ಹೇಳಿಕೆ, ಘೋಷಣೆ ಏನೂ ಬೇಡ. ಎರಡನೇ ಪಟ್ಟಿಯನ್ನು ಐದು ನಿಮಿಷ ನಿಂತು ಓದಿದವರಿಗೆ ಎಲ್ಲ ಅರ್ಥವಾಗುತ್ತದೆ. ಒಬ್ಬರೇ ಸರ್ ಹೆಸರು ಎಂಟು ಸಮಿತಿಯಲ್ಲಿ ಇರುವುದೂ ಕಾಣುತ್ತದೆ.

ಆ ಪಟ್ಟಿ ಅವರಾಗೇ ಹಾಕದಿದ್ರೆ?

ಮೊದಲು ಕುಲಸಚಿವರಿಗೆ ಮಾಮೂಲಿ ಪತ್ರ ಬರೆಯಿರಿ. ಇಬ್ಬರು ಮೂವರು ಸೇರಿ ಸಹಿ ಹಾಕಿದರೆ ಒಳ್ಳೆಯದು. ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಕಾಯ್ದೆ 2005 ಇದೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಆದ್ದರಿಂದ ಸಮಿತಿಗಳ ಪಟ್ಟಿಗೆ ಒಂದು, ಬಡ್ತಿ ಅರ್ಜಿಗಳ ಸ್ಥಿತಿಗೆ ಇನ್ನೊಂದು, ಬೇರೆ ಬೇರೆ ಬರೆಯಿರಿ. "ಯಾಕೆ ಮಹಿಳೆಯರಿಲ್ಲ?" ಅಂತ ಕೇಳಿದರೆ ಅದು ಮಾಹಿತಿಯಲ್ಲ ಅಂತ ತಿರಸ್ಕರಿಸುತ್ತಾರೆ. "ಈ ಅವಧಿಯ ಸಮಿತಿಗಳ ರಚನೆಯ ಆದೇಶದ ಪ್ರತಿ ಕೊಡಿ" ಅಂತ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮೇಲ್ಮನವಿ. ಆವಕ ವಿಭಾಗದಲ್ಲಿ ಕೊಡುವಾಗ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.